ಶೇಕಡಾ ಮೂವತ್ತು

ಅಕ್ಟೋಬರಿನ ಸೋಮವಾರ, ಅಂಗಡಿಗೆ ರಜೆ.
ಅಡುಗೆಮನೆ ಮೇಜಿನ ಮೇಲೆ ಕಾಫಿಯ ಕಲೆ, ಲೆಕ್ಕದ ಪುಸ್ತಕ,
ಮೊಂಡು ಪೆನ್ಸಿಲು.
ಎದುರಿಗೆ ತಂಗಿಯ ಮಗ ಡ್ರಾಗೊ, ಅವನ ಕಂಪ್ಯೂಟರು.
ತ್ರಿಯೆಸ್ತೆಯಲ್ಲಿ ಮೂವತ್ತೊಂದು ವರ್ಷದಿಂದ
ಊರಿಗೆಲ್ಲ ಟೋಪಿ ಹಾಕುವ ಕಸುಬು ನನ್ನದು.
ನಗಬೇಡಿ.

ನಮ್ಮ ಗಾಳಿಗೆ ಬೋರಾ ಎಂದು ಹೆಸರು.
ಬೆಟ್ಟದಿಂದಿಳಿದು, ಬೀದಿ ಗುಡಿಸಿ,
ಹತ್ತು ತಲೆಯ ಟೋಪಿ ಕಿತ್ತು ಸಮುದ್ರಕ್ಕೆ ಕೊಟ್ಟು ಹೋಗುತ್ತದೆ.
ಮಾರನೆಯ ಬೆಳಿಗ್ಗೆ ಆ ಹತ್ತರಲ್ಲಿ ಮೂವರು
ಕೂದಲು ಕೆದರಿಕೊಂಡು ನನ್ನ ಬಾಗಿಲಲ್ಲಿ.
ಕಮಿಷನ್ ಕೇಳದ ಏಜೆಂಟು.

"ದೊಡ್ಡಮ್ಮ, ಗಾಳಿ ನಂಬಿ ಬಾಡಿಗೆ ಕಟ್ಟೋಕಾಗಲ್ಲ" ಎಂದ ಡ್ರಾಗೊ.
ಬಣ್ಣದ ಚೌಕಗಳ ಬರೆದ:
ಈ ವಾರ ಟೋಪಿಯ ಜೊತೆ ಕೈಗವಸು,
ಆ ವಾರ ಹಳೆಯದು ತಂದವರಿಗೆ ಹೊಸದರಲ್ಲಿ ಕಡಿತ,
ಸರ್ಕಾರ ಗೊತ್ತುಮಾಡಿದ ಜನವರಿಯ ದಿನ
ಗಾಜಿನ ಮೇಲೆ ಕೆಂಪಕ್ಷರ.
ಅದಕ್ಕೆ ಮುಂಚೆ ಬೋರ್ಡು ಹಾಕಿದರೆ ದಂಡ.

ನಾನು ಪೆನ್ಸಿಲು ಹಿಡಿದೆ.
ಅರವತ್ತು ಯೂರೋ ಟೋಪಿ. ನನಗೆ ಬಿದ್ದದ್ದು ಮೂವತ್ನಾಲ್ಕು.
ಮೂವತ್ತು ಬಿಟ್ಟರೆ ಕೈಗೆ ನಲವತ್ತೆರಡು,
ಉಳಿದ ಎಂಟರಲ್ಲಿ ದೀಪ, ತೆರಿಗೆ, ಬಾಡಿಗೆ,
ಆಮೇಲೆ ನಾನು.
ಐವತ್ತು ಬಿಟ್ಟರೆ
ನಾಲ್ಕು ಯೂರೋ ಕೈಗಿಟ್ಟು, ಟೋಪಿಯನ್ನೂ ಕೊಟ್ಟು,
ಬಾಗಿಲ ತನಕ ಬೀಳ್ಕೊಟ್ಟ ಹಾಗೆ.

ಒಂದು ವರ್ಷ ಹಾಗೇ ಮಾಡಿದ್ದೆ.
ಹುಲ್ಲಿನ ಟೋಪಿ ಜುಲೈಯಲ್ಲೇ ಅರ್ಧಕ್ಕೆ ಬಿಟ್ಟೆ, ಹೆದರಿ.
ಆಗಸ್ಟಿನಲ್ಲಿ ನೆತ್ತಿ ಸುಡುವ ಬಿಸಿಲು,
ಕೇಳಿದವರಿಗೆಲ್ಲ ಖಾಲಿ ಕಪಾಟು ತೋರಿಸುತ್ತ ನಿಂತೆ.
ಪಕ್ಕದ ಚಪ್ಪಲಿ ಅಂಗಡಿಯ ಎಲ್ವೀರಾ
ಇವತ್ತಿಗೂ ಅದನ್ನೆತ್ತಿ ಚುಚ್ಚುತ್ತಾಳೆ.

ಡ್ರಾಗೊನ ಚೌಕಗಳಲ್ಲಿಲ್ಲದ ಒಂದು ಸಾಲು ನನ್ನ ಪುಸ್ತಕದಲ್ಲಿದೆ:
'ಬೂದು, ಐವತ್ತೇಳು, ಉಕ್ಮಾರ್.'
ಟ್ರಾಮ್ ಓಡಿಸಿ ನಿವೃತ್ತನಾದವನು.
ಅಕ್ಟೋಬರಿಗೊಮ್ಮೆ ಬಂದು ಬೂದು ಟೋಪಿ ತಲೆಗಿಟ್ಟು
ಎಡಕ್ಕೆ ವಾಲಿಸಿ, ಬಲಕ್ಕೆ ವಾಲಿಸಿ,
ಚೀಟಿ ತಿರುಗಿಸಿ, ಮೆಲ್ಲಗೆ ಮತ್ತೆ ಗೂಟಕ್ಕೆ.
"ನೋಡೋಣ" ಎನ್ನುತ್ತಾನೆ.
ನೋಡೋಣ ಅಂದರೆ ಜನವರಿ.
ಪ್ರತಿ ಜನವರಿಗೂ ಅದು ಮಾರಿಹೋಗಿರುತ್ತದೆ.

ಈ ಸಲ ಅದನ್ನು ಕಾಗದ ಸುತ್ತಿ ಒಳಗಿಟ್ಟೆ.
ಡಿಸೆಂಬರಿನಲ್ಲಿ ಬೋರಾ ಮೂರು ದಿನ ಬೀಸಿತು.
ಇಬ್ಬರು ಬೂದನ್ನೇ ಕೇಳಿದರು. ಇಲ್ಲ ಎಂದೆ.
ಅರವತ್ತು ಯೂರೋ
ಎರಡು ಸಲ ಹೊಸಿಲು ತುಳಿದು ವಾಪಸು ಹೋಯಿತು.

ಸೇಲಿನ ಮೊದಲ ದಿನದ ನೂಕುನುಗ್ಗಲು ಬೇಡವೆಂದು
ಉಕ್ಮಾರ್ ಎರಡನೆಯ ದಿನ ಬಂದ.
ಕಾಗದ ಬಿಡಿಸಿ ಮುಂದಿಟ್ಟೆ, ನಲವತ್ತೆರಡು.
ಅವನು ನೋಡಲಿಲ್ಲ.
ಕಣ್ಣು ಮೂರನೆಯ ಸಾಲಿನ ಬರಿಯ ಗೂಟದ ಮೇಲೆ.
"ಅಲ್ಲೊಂದು ಕಂದು ಬಣ್ಣದ್ದು ಇತ್ತಲ್ಲ?"
ನಿನ್ನೆ ಸಂಜೆ ಹೋಯಿತು. ಹಡಗಿನ ಹುಡುಗ ಕೊಂಡ.
ಅವನು ಕೆನ್ನೆ ಕೆರೆದುಕೊಂಡ.
"ಕನ್ನಡಿ ಮುಂದೆ ಒಬ್ಬ ಇಟ್ಟುಕೊಂಡ ಟೋಪಿಯೇ
ಉಳಿದವರಿಗೂ ಬೇಕಾಗುತ್ತೆ, ಸಿನ್ಯೋರಾ.
ಅದಕ್ಕೇ ವರ್ಷವರ್ಷ
ನನಗೆ ಬೇಡದ್ದನ್ನು ಇಟ್ಟು ನೋಡ್ತಿದ್ದೆ."

ಅವನ ಹತ್ತಿರವೂ ಒಂದು ಯೋಜನೆಯಿತ್ತು.
ಕಂಪ್ಯೂಟರಿಲ್ಲ, ಪೆನ್ಸಿಲಿಲ್ಲ.
ಬರಿತಲೆಯಲ್ಲಿ ಹೊರಟ, ಕಿವಿ ಕೆಂಪಗಾಗಿತ್ತು,
ತಿರುವಿನಲ್ಲಿ ಗಾಳಿಗೆ ಓರೆಯಾಗಿ ನಡೆದ.

ರಾತ್ರಿ ಕೈಗೆ ಸಿಕ್ಕ ಆ ಬೂದನ್ನೇ ಇಟ್ಟುಕೊಂಡು ಮನೆಗೆ ಬಂದೆ.
ಸ್ವಲ್ಪ ಸಡಿಲ, ದಾರಿಯುದ್ದ ಒಂದು ಕೈ ತಲೆಯ ಮೇಲೇ.
"ಇದನ್ನ ಯಾವ ಲೆಕ್ಕಕ್ಕೆ ಬರೀಲಿ?" ಡ್ರಾಗೊ ಕೇಳಿದ.
ಬರಿ: ಟೋಪಿ ಒಂದು.
ಹಾಕಿಸಿಕೊಂಡವಳು, ನೆರೀನಾ.