ಎರಡು ಗಂಟೆಯ ನಡುಕ

ಕೈಮಾತಿನ ಕಾರ್ಯಕ್ರಮ ನಮಗೆಂದು ಹಾಕುವುದು
ರಾತ್ರಿ ಎರಡರ ಮೇಲೆ.
ಹಗಲೆಲ್ಲ ಕಿವಿಯುಳ್ಳವರಿಗೆ ಬಡಿಸಿ ಮುಗಿದ ಮೇಲೆ
ತಳದಲ್ಲುಳಿದ ಸಾರು ನಮ್ಮ ಪಾಲು:
ಅದೇ ಮಡಕೆ ಮಾಡುವವರ ಪಂದ್ಯ, ಅದೇ ಹೆಬ್ಬಾತುಗಳ ವಲಸೆ,
ಮೂಲೆಯಲ್ಲಿ ಮಾತ್ರ ಕಪ್ಪಂಗಿ ತೊಟ್ಟ ಒಬ್ಬಾಕೆ
ಹತ್ತು ಬೆರಳಲ್ಲಿ ಎಲ್ಲವನ್ನೂ ಇನ್ನೊಮ್ಮೆ ಹೇಳುತ್ತಾಳೆ.

ಆ ಹೊತ್ತಿಗೆ ಡರ್ಬಿಯಲ್ಲಿ ಎದ್ದಿರುವುದು
ಕಸದ ಡಬ್ಬಿ ಕೆದಕುವ ನರಿ, ರೈಲು ಕಾರ್ಖಾನೆಯ ಕಾವಲುಗಾರ,
ಮತ್ತೆ ನಮ್ಮ ಕಂಪ್ಯೂಟರು.
ನಮ್ಮ ಪರವಾಗಿ ಅದೇ ನಿದ್ದೆಗೆಟ್ಟು ರೆಕಾರ್ಡ್ ಮಾಡುತ್ತಿತ್ತು,
ಹೊಟ್ಟೆ ತುಂಬಿತು, ಇನ್ನಾಗದು ಎಂದು ಕೂರುವವರೆಗೆ.

ಮೊದಲು ಕ್ಲೆಮೆಂಟ್ ನನ್ನ ಮಡಕೆಗಳನ್ನು ಅಳಿಸಿದ.
ನಾನು ಅವನ ಸ್ನೂಕರ್ ಅಳಿಸಿದೆ.
ಮೂರು ದಿನ ಮನೆಯಲ್ಲಿ ನಾಲ್ಕೂ ಕೈ ಜೇಬಿನಲ್ಲೇ ಇದ್ದವು.
ನಮ್ಮಲ್ಲಿ ಮಾತು ಬಿಡುವುದೆಂದರೆ ಅದು.

ಶನಿವಾರ ಕೋಟು ತೊಟ್ಟು ಅಂಗಡಿಗೆ ಹೊರಟೆ.
ಹುಡುಗನ ಎದೆಯ ಮೇಲೆ ಹೆಸರು: ಲಿಂಡನ್.
ಒಳ್ಳೆಯವನೇ, ಆದರೆ ಕಪಾಟಿಗೆ ಮುಖ ಮಾಡಿ ಮಾತಾಡುತ್ತಾನೆ,
ಅರ್ಧ ಮಾತು ಪೆಟ್ಟಿಗೆಗಳಿಗೆ, ಅರ್ಧ ನನಗೆ.
ಪ, ಬ, ಮ ಮೂರಕ್ಕೂ ತುಟಿಯಲ್ಲಿ ಒಂದೇ ಬಾಗಿಲು;
ಹೊರಬಂದದ್ದು ಯಾವುದೆಂದು ಊಹಿಸುವುದೇ ನನ್ನ ಜೀವಮಾನದ ದುಡಿಮೆ.
ಮೂವತ್ತೊಂದು ವರ್ಷ ರೈಲಿನ ಬೋಗಿಗೆ ಬಣ್ಣ ಬಳಿದದ್ದು ಆಮೇಲಿನ ಮಾತು.

ಎಷ್ಟು ಗಂಟೆಯದು ಬೇಕು, ಎಂದ, ಈ ಸಲ ತಿರುಗಿ.
ಚೀಟಿಯಲ್ಲಿ ಲೆಕ್ಕ ಹಾಕಿ ಕೊಟ್ಟ:
ಒಂದು ಟೆರಾಬೈಟ್, ಎರಡು, ನಾಲ್ಕು.
ಸಾಧಾರಣ ಚಿತ್ರವಾದರೆ ಬೇಕಾದಷ್ಟು ಹಿಡಿಯುತ್ತದೆ,
ನಿಚ್ಚಳ ಚಿತ್ರವಾದರೆ ಕಾಲುಭಾಗವೂ ಇಲ್ಲ.
ನಿಚ್ಚಳವೇ ಬೇಕು, ಎಂದು ಅದರ ಕೆಳಗೆ ಬರೆದೆ.
ಚಿತ್ರ ಮಸುಕಾದರೆ ನಿನಗೆ ಹೋಗುವುದು ಬರೀ ಮುಖ.
ನನಗೆ, ಬೆರಳಿಗೆ ಬೆರಳಂಟಿ ವಾಕ್ಯವೇ ಹೋಗುತ್ತದೆ.

ಓದಿ, ಮುಖವರಳಿಸಿ, ಎಲ್ಲಕ್ಕಿಂತ ದುಬಾರಿಯದನ್ನು ತೆಗೆದ,
ಬಿಸ್ಕತ್ತಿನಷ್ಟು ತೆಳು.
ಇದರೊಳಗೆ ಏನೂ ತಿರುಗುವುದಿಲ್ಲ ಅಮ್ಮಾ,
ತಲೆಯ ಹತ್ತಿರ ಇಟ್ಟು ಮಲಗಿದರೂ
ಒಂದು ಚೂರು ಸದ್ದು ಕೇಳಿಸದು ನಿಮಗೆ.

ನಕ್ಕುಬಿಟ್ಟೆ. ನಗು ಜೋರಾಗಿತ್ತೆಂದು ಕಾಣುತ್ತದೆ,
ಟೋಸ್ಟರುಗಳ ಬಳಿ ನಿಂತಿದ್ದ ಇಬ್ಬರು ತಿರುಗಿದರು.
ಹುಡುಗನಿಗೆ ಹೊಳೆಯಿತು. ಕಿವಿಯಿಂದಲೇ ಕೆಂಪಾಗತೊಡಗಿದ.

ಎರಡನ್ನೂ ಹಚ್ಚಿ ತೋರಿಸು, ಎಂದು ಬರೆದೆ.
ಮೇಜಿನ ಮೇಲಿಟ್ಟ. ಅಂಗೈ ಇಟ್ಟೆ.
ದುಬಾರಿಯದು ಸತ್ತ ಮೀನು.
ಇನ್ನೊಂದು, ಇಟ್ಟಿಗೆಯಂಥದು, ತನಗೇ ಬೇರೆ ಪ್ಲಗ್ಗು ಕೇಳುವಂಥದು,
ಮೊದಲು ಒಮ್ಮೆ ಮೈ ಕೊಡವಿತು,
ಆಮೇಲೆ ಒಂದೇ ಸಮ ನಡುಗಿತು
ಹೊರಡಲಿರುವ ಬೋಗಿಯ ನೆಲದ ಹಾಗೆ,
ಬೂಟಿನ ಅಟ್ಟೆಯಿಂದ ಮೊಣಕಾಲಿಗೆ ಏರುವ ಹಾಗೆ.

ಅದು ಹಳೇ ಜಾತಿ, ಬಿದ್ದರೆ ಹೋಯಿತು, ಎಂದು ಬರೆದ.
ಬಿದ್ದರೆ ನಾನೂ ಹೋದೆ ಮಗೂ, ಎಪ್ಪತ್ಮೂರು ನನಗೆ.
ಅದಕ್ಕಾದರೂ ಎರಡು ವರ್ಷದ ಗ್ಯಾರಂಟಿ ಇದೆ.
ನಾಲ್ಕು ಟೆರಾಬೈಟಿನದೇ ಕಟ್ಟಿಕೊಡು.

ಮಂಚದ ತಲೆಹಲಗೆಗೆ ತಾಗಿಸಿ ಇಟ್ಟಿದ್ದೇವೆ.
ಕಂಪ್ಯೂಟರು ಆಚೆ ಕೋಣೆಯಲ್ಲಿ; ಕ್ಲೆಮೆಂಟ್
ಒಂದು ಕೈಯಲ್ಲಿ ಡ್ರಿಲ್ ಹಿಡಿದು ಇನ್ನೊಂದರಲ್ಲಿ ಗೊಣಗುತ್ತ
ಗೋಡೆ ಕೊರೆದು ತಂತಿ ತಂದ.
ಎರಡಕ್ಕೆ ಐದು ನಿಮಿಷವಿರುವಾಗ ದಿಂಬಿಗೆ ನಡುಕ ಹತ್ತುತ್ತದೆ.
ಎಚ್ಚರಾಗುತ್ತದೆ. ಕಣ್ಣು ತೆರೆಯುವುದಿಲ್ಲ.
ಗೊತ್ತು: ಕಪ್ಪಂಗಿಯಾಕೆ ಕೈ ಎತ್ತಿದ್ದಾಳೆ,
ಪರದೆ ಆರಿಸಿದ ಕೋಣೆಯಲ್ಲಿ, ನೋಡುವವರಿಲ್ಲದೆ,
ಹೆಬ್ಬಾತುಗಳನ್ನು ಸಮುದ್ರ ದಾಟಿಸುತ್ತಿದ್ದಾಳೆ.
ಪಕ್ಕದಲ್ಲಿ ಕ್ಲೆಮೆಂಟನ ಬೆರಳು ನಿದ್ದೆಯಲ್ಲೇ
ನನ್ನ ತೋಳಿನ ಮೇಲೆ ಏನೋ ಶುರು ಮಾಡಿ
ಅರ್ಧಕ್ಕೆ ಬಿಡುತ್ತವೆ.

ಆಗಲೇ ಕಾಲುಭಾಗ ತುಂಬಿದೆ.
ಹೆಬ್ಬಾತಿನದು ಏಳು ಸಲ ಇದೆ,
ಒಂದನ್ನೂ ಅಳಿಸಗೊಡುವುದಿಲ್ಲ ಅವನು.
ಅದೇ ಹಕ್ಕಿ, ಅದೇ ಹೆಂಗಸು, ಅವೇ ಕೈ ಮಾರಾಯ,
ಎಂದು ಹೇಳಹೊರಟರೆ
ಕಣ್ಣು ಮುಚ್ಚಿಕೊಳ್ಳುತ್ತಾನೆ.