ಮಲಗದ ಪೆಟ್ಟಿಗೆ

ಕಕ್ಕಬ್ಬೆಯ ಜೇನು ಸಂಘದ ಕಚೇರಿಯಲ್ಲಿ
ಸಂಜೆ ಐದೂಕಾಲಿಗೆ ಕಂಪ್ಯೂಟರಿಗೆ
ಮಲಗು ಎಂದೆ.
ಪರದೆ ಕಪ್ಪಾಯಿತು. ಫ್ಯಾನು ನಿಂತಿತು.
ಬ್ಯಾಗಿನ ಜಿಪ್ಪು ಅರ್ಧ ಎಳೆದಿದ್ದೆ ಅಷ್ಟೆ,
ಒಳಗೆಲ್ಲೋ ಟಿಕ್ ಎಂದಿತು,
ಹಸಿರು ಕಣ್ಣು ತೆರೆಯಿತು,
ಸ್ವಾಗತ ಎಂದಿತು,
ನಾನು ಈಗ ತಾನೇ ಒಳಗೆ ಬಂದವಳ ಹಾಗೆ.

ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷೀಲಿ.
ಇದಕ್ಕೋ, ಹೆಸರೇ ಕಿಟಕಿ.

ಹಾಗೇ ಬಿಟ್ಟು ಹೋಗುವಂತಿಲ್ಲ.
ಹೋದ ಮೇ ತಿಂಗಳ ಒಂದೇ ಸಿಡಿಲಿಗೆ
ಹಳೇ ಪೆಟ್ಟಿಗೆಯೂ ಅದರೊಳಗಿನ
ಮೂರು ವರ್ಷದ ಲೆಕ್ಕವೂ ಸುಟ್ಟು
ಕಾರ್ಯದರ್ಶಿ ಬೆಳ್ಯಪ್ಪನವರು ಗೋಡೆಗೆ ಚೀಟಿ ಅಂಟಿಸಿದ್ದಾರೆ:
ಆರಿಸದೆ ಹೋದರೆ ಸಂಬಳದಲ್ಲಿ ಮುರಿಯಲಾಗುವುದು.
ಬೆಟ್ಟದ ಹಿಂದೆ ಆಗಲೇ ಗುಡುಗು
ಗಂಟಲು ಸರಿಮಾಡಿಕೊಳ್ಳುತ್ತಿತ್ತು.
ನಾಪೋಕ್ಲು ಬಸ್ಸಿಗೆ ಇಪ್ಪತ್ತು ನಿಮಿಷ.

ಮುನೀರನಿಗೆ ಫೋನು ಮಾಡಿದೆ.
ಅವನು ಚೆರಿಯಪರಂಬಿನಲ್ಲಿ
ಯಾರದೋ ಪ್ರಿಂಟರಿನ ಹೊಟ್ಟೆ ಬಗೆಯುತ್ತಿದ್ದ.
"ಪೊನ್ನಕ್ಕಾ, ಪ್ಲಗ್ ಮಾತ್ರ ಕೀಳಬೇಡಿ.
ಫಾಸ್ಟ್ ಸ್ಟಾರ್ಟಪ್ ಅಂತ ಇರ್ತದೆ, ಅದರ ಟಿಕ್ ತೆಗೀರಿ."
ತೆಗೆದೆ. ಮಲಗಿತು. ಎದ್ದಿತು.
"ಎಡವಟ್ಟಾದರೆ ತಾನೇ ಮತ್ತೆ ಶುರುವಾಗು ಅಂತ ಇನ್ನೊಂದು, ಅದನ್ನೂ."
ತೆಗೆದೆ. ಮಲಗಿತು.
ಏಳು ಎಣಿಸುವುದರೊಳಗೆ ಎದ್ದಿತು.
"ನೆಟ್ಟಿನ ವಯರು?"
ಕಿತ್ತೆ. ಪ್ರಿಂಟರಿನದು ಕಿತ್ತೆ, ತಕ್ಕಡಿಯದೂ ಕಿತ್ತೆ.
ಬಾಲ ಕಳಚಿಕೊಂಡ ಹಲ್ಲಿಯಂತೆ
ಬರಿಮೈಯಲ್ಲಿ ಕೂತಿತ್ತು,
ಆದರೂ ಎದ್ದಿತು.

"ಪೊನ್ನಕ್ಕಾ, ಏನೋ ಅದನ್ನ ಮುಟ್ಟಿ ಎಬ್ಬಿಸ್ತಾ ಇದೆ."
ಯಾರೂ ಇಲ್ಲ ಮುನೀರ್, ನಾನೊಬ್ಬಳೇ.
"ಯಾರೋ ಅಂದೆನಾ? ಏನೋ ಅಂದೆ."

ಬಸ್ಸು ಎರಡು ಸಲ ಹಾರನ್ ಹೊಡೆದು
ತಿರುವಿನಲ್ಲಿ ಮರೆಯಾಯಿತು.

ಕರೆಂಟೂ ಮಂದವಾಗಿದ್ದ ಆ ಹೊತ್ತಿನಲ್ಲಿ ಕಣ್ಣಿಗೆ ಬಿತ್ತು,
ಸತ್ತ ಪರದೆಯ ಮುಂದೆ ಬದುಕಿದ್ದ ಒಂದೇ ಬೆಳಕು:
ಮೌಸಿನ ಹೊಟ್ಟೆಯಡಿಯ ಕೆಂಪು.
ಈಚೆಯಿಂದ ಅದರೊಳಗೆ ನುಗ್ಗಿ
ಆಚೆಯಿಂದ ಹೊರಬೀಳುತ್ತಿದ್ದವು ಇರುವೆಗಳು,
ರೈಲೇ ಇಲ್ಲದ ಈ ಜಿಲ್ಲೆಯಲ್ಲಿ
ಸುರಂಗ ದಾಟುವ ಒಂದು ಗೂಡ್ಸ್ ಗಾಡಿ.
ಬೆಳಗ್ಗೆ ಪಳಂಗಪ್ಪನ ಡಬ್ಬದಿಂದ ಸೋರಿ
ಮೇಜಿನ ಅಂಚಿಗೆ ಅಂಟಿದ ಜೇನಹನಿ
ಅದರ ಕೊನೆಯ ಸ್ಟೇಷನ್ನು.
ಒಂದು ಇರುವೆ ದಾಟಿದರೆ ಸಾಕು,
ಯಾರದೋ ಕೈ ಆಡಿತೆಂದು
ಪಾಪದ ಯಂತ್ರ ನಿಯತ್ತಿನಿಂದ ಎದ್ದು ಕೂರುತ್ತಿತ್ತು,
ಬಂದೆ, ಬಂದೆ, ಏನಾಗಬೇಕು?

ಮೌಸನ್ನು ಎತ್ತಿ ಅಂಗಾತ ಮಲಗಿಸಿದೆ.
ಕೆಂಪು ಚುಕ್ಕೆ ಹಂಚಿನ ಮಾಡು ನೋಡಿತು.
ಇರುವೆಗಳು ನಿಂತು, ತಲೆಗೆ ತಲೆ ತಾಗಿಸಿ,
ಮೀಟಿಂಗು ಮುಗಿಸಿ, ಬೇರೆ ದಾರಿ ಹಿಡಿದವು.
ನೂರರವರೆಗೆ ಎಣಿಸಿದೆ.
ಮುನೀರ್ ಆ ಕಡೆ ಉಸಿರು ಹಿಡಿದಿದ್ದ,
ಅಥವಾ ಚಹಾ ಕುಡಿಯುತ್ತಿದ್ದ.
ಏಳಲಿಲ್ಲ.

"ಬಯೋಸಿನೊಳಗೆ ಒಂದು ಕಡೆ ಆರಿಸಬೇಕು,
ಬುಧವಾರ ಬಂದು ಮಾಡಿಕೊಡ್ತೇನೆ,
ಅಲ್ಲೀತನಕ ದಿನಾ ಹೀಗೇ ಮಲಗಿಸಿ."
ನಾಲ್ಕು ಬುಧವಾರ ಬಂದು ಹೋಗಿವೆ. ಮುನೀರ್ ಬಂದಿಲ್ಲ.

ಅವತ್ತು ಮೀನಿನ ಜೀಪಿನಲ್ಲಿ ಮನೆ ಸೇರಿದೆ.
ಮೇಜು ಒರೆಸಿ ಬಂದಿದ್ದೆ, ಹನಿಯನ್ನೂ.
ಆದರೆ ಆ ಡಬ್ಬ ನಾನೇ ವಾಪಸು ಕಳಿಸಿದ್ದು.
ನೀರಿನಂಶ ಇಪ್ಪತ್ತಮೂರು, ತಗೊಳ್ಳೋ ಹಾಗಿಲ್ಲ ಎಂದಿದ್ದೆ
ಮೀಟರಿನಿಂದ ಮುಖ ಎತ್ತದೆ.
ಪಳಂಗಪ್ಪ ಜಗಳವಾಡಲಿಲ್ಲ.
ಮುಚ್ಚಳ ಬಿಗಿಮಾಡುತ್ತ ಕೇಳಿದ,
"ಮಳೆ ಬಂದರೆ ಜೇನು ಕೊಡೆ ಹಿಡೀತದಾ ಅಕ್ಕ?"

ರಾತ್ರಿ ಎರಡಕ್ಕೆ ಕಣ್ಣು ತಾನೇ ತೆರೆಯಿತು.
ಕೊಡೆಯಿಲ್ಲದ ನೊಣಗಳು
ಒಂದರ ಹಿಂದೊಂದು ದಾಟುತ್ತಿದ್ದವು.
ಅಂಗಾತ ಮಲಗಿದ್ದವಳು
ಬೋರಲಾದೆ.