ಕಾಲೂರದೆ ಎಂಟು

ಕಾರ್ಡು ಬಂತು. ನನ್ನ ಹೆಸರು,
ನಿದ್ದೆಯಿಂದೆಬ್ಬಿಸಿ ತೆಗೆದಂಥ ಫೋಟೋ,
ದಾಂಪತ್ಯ ಮತ್ತು ಕುಟುಂಬ ಆಪ್ತಸಮಾಲೋಚನೆ,
ಕೆಳಗೆ ಸಣ್ಣಕ್ಷರದಲ್ಲಿ: ತರಬೇತಿಯಲ್ಲಿರುವವರು.
ಸಾವಿರ ಗಂಟೆ ಇನ್ನೊಬ್ಬರ ಕಣ್ಣಳತೆಯಲ್ಲಿ ಕೂತು ಕೇಳಿದರೆ
ಆ ಸಣ್ಣಕ್ಷರ ತೆಗೆಯುತ್ತಾರಂತೆ.

ಮಗಳು ನಕ್ಕಳು: 'ಅಮ್ಮಾ, ಇದು ಎಲ್ಲೆಲ್ಲಾರು!'
ತನ್ನ ಸ್ಕೂಟರಿನ ಕೆಂಪು ಎಲ್ ಕಿತ್ತು
ನನ್ನ ಕೈಚೀಲಕ್ಕೆ ಅಂಟಿಸಿದಳು.
ಅಂಟು ಅರ್ಧ ಹೋಗಿತ್ತು. ಮೆಜೆಸ್ಟಿಕ್ಕಿನಲ್ಲಿ ಮೆಟ್ರೋ ಬದಲಿಸುವಾಗ
ಯಾರದೋ ದುಪಟ್ಟಾ ಹಿಡಿದು ಹೊರಟೇಹೋಯಿತು.

ನಲವತ್ತೊಂಬತ್ತು ನನಗೆ.
ಇಪ್ಪತ್ತೆರಡು ವರ್ಷ ಚಿಕ್ಕಪೇಟೆಯಲ್ಲಿ ಮದುವೆ ಸೀರೆಗಳ ಬಿಲ್ಲು ಬರೆದವಳು:
ಧಾರೆಗೆ, ರಿಸೆಪ್ಷನ್ನಿಗೆ, ಬೀಗಿತ್ತಿಗೆ,
ಮುನಿಸಿಕೊಂಡ ಬೀಗಿತ್ತಿಯ ತಂಗಿಗೆ.
ಯಾರು ಯಾರ ಮುಖ ನೋಡಿ ಬಣ್ಣ ಒಪ್ಪುತ್ತಾರೆಂಬುದು
ಕ್ಯಾಷ್ ಕೌಂಟರಿನಿಂದ ಚೆನ್ನಾಗಿ ಕಾಣುತ್ತದೆ.
ರಾತ್ರಿ ಓದಿ ಎಂ.ಎ. ಮಾಡಿದೆ.

ಅತ್ತಿಗೆ ಕೇಳಿದಳು, ಹಪ್ಪಳ ಕರಿಯುತ್ತಾ,
'ನಿಂದೇ ಹರಿದು ಹನ್ನೊಂದು ವರ್ಷ ಆಯ್ತಲ್ಲೇ,
ಊರವರದ್ದು ಹೊಲಿಯೋಕೆ ಹೊರಟಿದೀಯ?'
ಕೇಳಿದ್ದು ತಪ್ಪಲ್ಲ.
ಹಪ್ಪಳವೂ ಚೆನ್ನಾಗಿತ್ತು.

ಬಸವನಗುಡಿ, ಮೊದಲ ಮಹಡಿ, ಕೆಳಗೆ ಗಿರವಿ ಅಂಗಡಿ.
ಮೇಲ್ವಿಚಾರಕಿ ವಿಜಯಾಂಬಾ ಮೇಡಂ ಮೊದಲ ದಿನವೇ
ಒಂದು ಮಾತಿಗೆ ಬಹಿಷ್ಕಾರ ಹಾಕಿದರು:
ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ.
'ಬಸ್ಸಲ್ಲಿ ಹೇಳಿ, ಸೀಟು ಸಿಗುತ್ತೆ. ಇಲ್ಲಿ ಹೇಳಿದ್ರೆ
ಇಬ್ಬರಲ್ಲೊಬ್ಬರು ಎದ್ದು ನಿಂತೇ ಇರಬೇಕಾಗುತ್ತೆ, ಕೊನೆ ಸ್ಟಾಪಿನ ತನಕ.'

ನನಗೂ ಹೇಳಿದ್ದರು ಆ ಮಾತನ್ನು,
ಕೋರ್ಟಿನ ಉದ್ದನೆಯ ಬೆಂಚಿನ ಬಳಿ ನಿಂತು
ಒಬ್ಬರು, ಗಡಿಯಾರ ನೋಡುತ್ತಾ.
ನಾನು ಬೆಂಚಿನಲ್ಲೂ ಸ್ವಲ್ಪ ಸರಿದು ಕೂತಿದ್ದೆ.

ಮೂವತ್ತೊಂದನೆಯ ಗಂಟೆ.
ಹೆಸರು ಹೇಳುವಂತಿಲ್ಲ. ಆತ ನೀರಿನ ಟ್ಯಾಂಕರು ಓಡಿಸುತ್ತಾನೆ,
ಆಕೆ ಗಾರ್ಮೆಂಟ್ಸಿನಲ್ಲಿ ಕಾಲರು ಹೊಲಿಯುತ್ತಾಳೆ, ಬರೀ ಕಾಲರು.
ಉಂಡು ಮಲಗುವ ತನಕ ಅಂತಾರೆ ಜಗಳ;
ಇವರು ಉಂಡೂ ಆಗಿತ್ತು, ಮಲಗಿಯೂ ಆಗಿತ್ತು, ಹದಿನಾಲ್ಕು ತಿಂಗಳು.
ನಡುವೆ ಒಂಬತ್ತರ ಹುಡುಗ.

'ಸಾರಿಗೆ ಉಪ್ಪಿಲ್ಲ ಅಂತ ನಿಮ್ಮಮ್ಮನಿಗೆ ಹೇಳು.'
'ಡಬ್ಬಿ ಕೈಗೆ ಸಿಗೋ ಕಡೆನೇ ಇದೆ ಅಂತ ನಿಮ್ಮಪ್ಪನಿಗೆ ಹೇಳು.'
ಹುಡುಗ ಎರಡನ್ನೂ ಬಾಯಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಂಡು
ಮೆತ್ತಗಾದ ಮೇಲೆ ದಾಟಿಸುತ್ತಾನೆ.
ದೊಡ್ಡವರ ಕುರ್ಚಿ.
ಅವನ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ.

ಮಲ್ಲತ್ತಹಳ್ಳಿಯ ಟ್ರ್ಯಾಕಿನಲ್ಲಿ ಮಗಳು ಎಂಟು ಹಾಕುವುದನ್ನು
ಬೇಲಿಯಾಚೆ ನಿಂತು ನೋಡಿದ್ದೇನೆ.
ನಿಧಾನವೇ ಕಷ್ಟ. ಕಾಲೂರಿದರೆ ಫೇಲು.

ಊರಿದೆ.
'ನಾಚಿಕೆ ಆಗಲ್ವಾ ನಿಮಗೆ, ಮಗು ಕೈಲಿ…' ಅಂದುಬಿಟ್ಟೆ, ಆತನಿಗೆ, ಆತನೊಬ್ಬನಿಗೇ.
ಟ್ಯಾಂಕರಿನ ಕೀ ಮೇಜಿನಿಂದ ಎದ್ದಿತು. ಹಿಂದೆಯೇ ಆತ.
'ಕೂತ್ಕೋ ಅಂತ ನಿಮ್ಮಪ್ಪನಿಗೆ ಹೇಳು,' ಅಂದಳು ಆಕೆ.

ಹುಡುಗ ಹೇಳಲಿಲ್ಲ.
ಕಿಟಕಿಯಾಚೆ ಯಾವುದೋ ನಾಯಿ ನೋಡುತ್ತಿದ್ದ,
ಅಷ್ಟೊಂದು ನೋಡುವಂಥದ್ದೇನಿರಲಿಲ್ಲ ಆ ನಾಯಿಯಲ್ಲಿ.

ಆಮೇಲೆ ಆಕೆಯೇ, ಗಂಟಲು ಸರಿಮಾಡಿಕೊಂಡು:
'ಕೂತ್ಕೊಳ್ಳಿ.'

ಆತ ಕೂರಲಿಲ್ಲ. ಹೋಗಲೂ ಇಲ್ಲ.
ಬಾಗಿಲಿಗೆ ಒರಗಿ ಕೀ ತಿರುಗಿಸುತ್ತಾ ನಿಂತ,
ಉಳಿದ ಹದಿನೇಳು ನಿಮಿಷ.

'ಈ ಗಂಟೆ ಲೆಕ್ಕಕ್ಕೆ ಬರುತ್ತಾ ಮೇಡಂ?'
'ಕಾಲೂರಿದ್ದು ಗೊತ್ತಾಯ್ತಾ?'
'ಆಯ್ತು.'
ಸಹಿ ಹಾಕಿದರು. ಪೆನ್ನು ಒಣಗಿತ್ತು, ಎರಡು ಸಲ ತೀಡಿದರು.
ಇನ್ನು ಒಂಬೈನೂರ ಅರವತ್ತೊಂಬತ್ತು.

ಮನೆಯಲ್ಲಿ ಮಗಳು, ತಟ್ಟೆ ಮುಂದೆ, ತಲೆಯೆತ್ತದೆ:
'ಅಪ್ಪ ಕೇಳ್ತಿದ್ರು, ಸೆಮಿಸ್ಟರ್ ಫೀಸು ಯಾವತ್ತು ಕಟ್ಟಬೇಕಂತೆ.'
'ನಿಮ್ಮಪ್ಪನಿಗೆ ಹೇಳು—'

ಸೌಟು ಪಾತ್ರೆಯ ಮೇಲೆ ನಿಂತಿತು.
ಅವಳ ಕಾಲು ನೆಲ ಮುಟ್ಟಿ ಎಷ್ಟು ವರ್ಷವಾಯಿತೋ, ನಾನು ಬಗ್ಗಿ ನೋಡಿರಲಿಲ್ಲ.

ಕೈ ತೊಳೆದೆ. ಒರೆಸಿಕೊಂಡೆ.
ನಂಬರು ಬೆರಳಿಗೆ ಇನ್ನೂ ಬಾಯಿಪಾಠವಿತ್ತು.
ರಿಂಗಾಗುತ್ತಿದೆ.